ಅಪೀಲಿನ ಗಡುವು ಮೀರಿತೇ? ವಕೀಲರನ್ನು ದೂರುವ ಮುನ್ನ ಇಷ್ಟು ತಿಳಿದಿರಲಿ

ತಮಿಳುನಾಡಿನ ಒಂದು ಆಸ್ತಿ ದಾವೆಯಲ್ಲಿ 1991ರಲ್ಲಿ ಏಕಪಕ್ಷೀಯ ಡಿಕ್ರಿ ಆಯಿತು. ಪ್ರತಿವಾದಿ ವಕೀಲರನ್ನು ಹಿಡಿದು, ಡಿಕ್ರಿ ರದ್ದು ಮಾಡಿ ಎಂದು ಅರ್ಜಿ ಹಾಕಿಸಿದರು. 1993ರಲ್ಲಿ ಆ ಅರ್ಜಿಯೂ ಗೈರುಹಾಜರಿಯ ಕಾರಣಕ್ಕೆ ವಜಾ ಆಯಿತು. ವಕೀಲರು ಅದನ್ನು ತಿಳಿಸಲೇ ಇಲ್ಲ. 1995ರಲ್ಲಿ ಅಮಲ್ಜಾರಿಯ ಸಮನ್ಸ್ ಬಂದಾಗ ಕಕ್ಷಿದಾರರು ಮತ್ತೆ ಅದೇ ವಕೀಲರ ಬಳಿ ಓಡಿದರು, ಕೇಳಿದ ಕಾಗದಗಳಿಗೆ ಸಹಿ ಹಾಕಿದರು, ಎರಡು ಸಾವಿರ ರೂಪಾಯಿಯನ್ನೂ ಕೊಟ್ಟರು. ಆಗಲೂ ಕೋರ್ಟಿನಲ್ಲಿ ಏನೂ ನಡೆಯಲಿಲ್ಲ. ಕೊನೆಗೆ ಖುದ್ದಾಗಿ ವಿಚಾರಿಸಿ ಹೊಸ ಅರ್ಜಿ ಹಾಕುವ ಹೊತ್ತಿಗೆ 883 ದಿನ ತಡವಾಗಿತ್ತು. ವಿಚಾರಣಾ ಕೋರ್ಟು ವಿಳಂಬ ಮನ್ನಿಸಿತು, ಮದ್ರಾಸ್ ಹೈಕೋರ್ಟು ಆ ಆದೇಶವನ್ನು ತಳ್ಳಿಹಾಕಿತು, 1998ರಲ್ಲಿ ಸುಪ್ರೀಂ ಕೋರ್ಟು ಕಕ್ಷಿದಾರರ ಕೈ ಹಿಡಿಯಿತು. ಎಷ್ಟು ದಿನ ತಡವಾಯಿತು ಎಂಬುದಲ್ಲ, ಕೊಟ್ಟ ಕಾರಣ ಒಪ್ಪುವಂಥದೇ ಎಂಬುದೇ ಮುಖ್ಯ ಎಂದಿತು. ಎದುರು ಪಕ್ಷಕ್ಕೆ ಹತ್ತು ಸಾವಿರ ರೂಪಾಯಿ ಕೊಡಬೇಕೆಂಬ ಷರತ್ತನ್ನೂ ಹಾಕಿತು. ಎನ್. ಬಾಲಕೃಷ್ಣನ್ ವಿರುದ್ಧ ಎಂ. ಕೃಷ್ಣಮೂರ್ತಿ ಎಂಬ ಈ ತೀರ್ಪನ್ನು ವಿಳಂಬ ಮನ್ನಾ ಅರ್ಜಿ ಬರೆಯುವ ವಕೀಲರೆಲ್ಲ ಇಂದಿಗೂ ಉಲ್ಲೇಖಿಸುತ್ತಾರೆ.

2019ರಲ್ಲಿ ಹರಿಯಾಣದ ನಗರಾಭಿವೃದ್ಧಿ ಪ್ರಾಧಿಕಾರವೂ ಸುಪ್ರೀಂ ಕೋರ್ಟಿನ ಮುಂದೆ ಇದೇ ಮಾತು ಹೇಳಿತು: ಎರಡನೇ ಅಪೀಲು 1942 ದಿನ ತಡವಾಗಿದ್ದಕ್ಕೆ ನಮ್ಮ ವಕೀಲರು ಕಾರಣ. ಈ ಬಾರಿ ಕೋರ್ಟು ಒಪ್ಪಲಿಲ್ಲ. ವಕೀಲರು ಸಮಯಕ್ಕೆ ಕೆಲಸ ಮಾಡದಿದ್ದರೆ ವಿಚಾರಿಸಬೇಕಾದ ಹೊಣೆ ನಿಮ್ಮದೂ ಆಗಿತ್ತು ಎಂದು ಅಪೀಲನ್ನು ವಜಾ ಮಾಡಿತು.

ಎರಡೂ ಕಡೆ ದೂರು ಒಂದೇ, ಫಲ ಬೇರೆ. ಕೋರ್ಟು ವಕೀಲರ ತಪ್ಪನ್ನು ಮನ್ನಿಸೀತು, ಕಕ್ಷಿದಾರರು ಕೈಕಟ್ಟಿ ಕೂತಿದ್ದನ್ನು ಮನ್ನಿಸುವುದು ಅಪರೂಪ. ಗಡುವು ತಪ್ಪಿದವರು ಮೊದಲು ಅರಿಯಬೇಕಾದ್ದು ಇದನ್ನೇ.

ಗಡುವು ಎಷ್ಟು ದಿನ?

ಅಪೀಲಿನ ಗಡುವುಗಳು ಬಹುಪಾಲು 1963ರ ಕಾಲಮಿತಿ ಕಾಯ್ದೆಯ ಪಟ್ಟಿಯಲ್ಲಿವೆ. ಕೋರ್ಟಿನ ಆವರಣದಲ್ಲಿ ಇದಕ್ಕೆ ಲಿಮಿಟೇಷನ್ ಆಕ್ಟ್ ಎಂದೇ ಹೆಸರು. ಕೆಲವು ಗಡುವುಗಳು ಆಯಾ ವಿಶೇಷ ಕಾಯ್ದೆಗಳಲ್ಲಿವೆ. ಸಾಮಾನ್ಯ ಜನರಿಗೆ ಹೆಚ್ಚಾಗಿ ಎದುರಾಗುವವು ಇವು:

- ಸಿವಿಲ್ ಡಿಕ್ರಿ ವಿರುದ್ಧ ಜಿಲ್ಲಾ ಮಟ್ಟದ ಕೋರ್ಟಿಗೆ ಅಪೀಲು: 30 ದಿನ
- ಸಿವಿಲ್ ಡಿಕ್ರಿ ವಿರುದ್ಧ ಹೈಕೋರ್ಟಿಗೆ ಅಪೀಲು: 90 ದಿನ
- ಕ್ರಿಮಿನಲ್ ಪ್ರಕರಣದ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60 ದಿನ; ಮರಣದಂಡನೆಯಾದರೆ 30 ದಿನ
- ಏಕಪಕ್ಷೀಯ ಡಿಕ್ರಿ ರದ್ದುಪಡಿಸುವ ಅರ್ಜಿ: 30 ದಿನ, ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ
- ಗೈರುಹಾಜರಿಗಾಗಿ ವಜಾ ಆದ ದಾವೆಯ ಮರುಸ್ಥಾಪನೆ: 30 ದಿನ
- ಮೋಟಾರು ಅಪಘಾತ ಪರಿಹಾರದ ಆದೇಶದ ವಿರುದ್ಧ ಹೈಕೋರ್ಟಿಗೆ: 90 ದಿನ
- ಜಿಲ್ಲಾ ಗ್ರಾಹಕ ಆಯೋಗದ ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ: 45 ದಿನ
- ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ನೇ ಸೆಕ್ಷನ್ ಪ್ರಕಾರ ಮ್ಯುಟೇಶನ್ ವಿರುದ್ಧ ಉಪವಿಭಾಗಾಧಿಕಾರಿಗೆ: ಆದೇಶ ತಲುಪಿದ ಅಥವಾ ವಿಷಯ ತಿಳಿದ ದಿನದಿಂದ 60 ದಿನ
- ಹೈಕೋರ್ಟ್ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ: ಸಾಮಾನ್ಯವಾಗಿ 90 ದಿನ

ಈ ಪಟ್ಟಿಯ ಮೊದಲೆರಡು ಸಾಲುಗಳ ನಡುವೆಯೇ ಎಷ್ಟೋ ಪ್ರಕರಣಗಳು ಜಾರಿಬೀಳುತ್ತವೆ. ಜಿಲ್ಲಾ ಮಟ್ಟಕ್ಕೆ ಹೋಗಬೇಕಾದ ಅಪೀಲಿಗೆ ಹೈಕೋರ್ಟಿನ 90 ದಿನಗಳ ಲೆಕ್ಕ ಹಿಡಿದರೆ ಕಥೆ ಮುಗಿಯಿತು. ಗಡುವು ಮೀರಿದ ಅಪೀಲನ್ನು, ಎದುರು ಪಕ್ಷ ಆಕ್ಷೇಪಿಸದಿದ್ದರೂ ಕೋರ್ಟು ತಾನಾಗಿಯೇ ವಜಾ ಮಾಡಬೇಕು ಎಂದು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ.

ನಿಜಕ್ಕೂ ತಡವಾಗಿದೆಯೇ? ಮೊದಲು ಎಣಿಸಿ

ತಡವಾಗಿದೆ ಎಂದು ಗಾಬರಿಯಾಗುವ ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. 12ನೇ ಸೆಕ್ಷನ್ ಪ್ರಕಾರ ತೀರ್ಪು ಬಂದ ದಿನವನ್ನು ಎಣಿಸುವಂತಿಲ್ಲ. ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು ಪಡೆಯಲು ತಗಲಿದ ದಿನಗಳನ್ನೂ ಬಿಡಬೇಕು. ನಕಲಿನ ಹಿಂಬದಿಯಲ್ಲಿ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಮುದ್ರೆ ಒತ್ತಿರುತ್ತಾರೆ. ಲೆಕ್ಕವೆಲ್ಲ ಆ ಮುದ್ರೆಯ ಮೇಲೆಯೇ ನಿಂತಿದೆ.

ಒಂದು ಉದಾಹರಣೆ ನೋಡೋಣ. ತೀರ್ಪು 2025ರ ಜನವರಿ 3ರಂದು ಬಂತು ಎನ್ನಿ. ಅಪೀಲಿಗೆ 30 ದಿನ. ಎಣಿಕೆ ಜನವರಿ 4ರಿಂದ ಶುರು. ಹಾಗೆಯೇ ಎಣಿಸಿದರೆ ಫೆಬ್ರವರಿ 2ಕ್ಕೆ ಮುಗಿಯುತ್ತದೆ. ನಕಲಿಗೆ ಜನವರಿ 10ರಂದು ಅರ್ಜಿ ಹಾಕಿ, ಅದು ಜನವರಿ 30ರಂದು ಸಿದ್ಧವಾಗಿದ್ದರೆ ಎರಡೂ ದಿನ ಸೇರಿ 21 ದಿನ ಸಿಗುತ್ತದೆ. ಹಾಗಾಗಿ ಗಡುವು ಫೆಬ್ರವರಿ 23ರವರೆಗೆ ಬರುತ್ತದೆ. ಅಂದು ಭಾನುವಾರ. ಕೋರ್ಟಿಗೆ ರಜೆ ಇದ್ದರೆ ಮತ್ತೆ ತೆರೆದ ದಿನ ಹಾಕಬಹುದು ಎನ್ನುವ 4ನೇ ಸೆಕ್ಷನ್ ಇರುವುದರಿಂದ ಫೆಬ್ರವರಿ 24ರ ಸೋಮವಾರ ಹಾಕಿದ ಅಪೀಲೂ ಸಕಾಲದ್ದೇ. ಆದರೆ ಈ ರಿಯಾಯಿತಿ ಸೋಮವಾರವೇ ಹಾಕಿದವರಿಗೆ ಮಾತ್ರ. ಆ ದಿನವೂ ತಪ್ಪಿದರೆ ವಿಳಂಬವನ್ನು 23ರಿಂದ ಮುಂದಕ್ಕೆ ಎಣಿಸುವುದೇ ಕ್ಷೇಮ.

ನಕಲಿಗೆ ಅರ್ಜಿ ಹಾಕುವುದನ್ನು ಮುಂದೂಡಬೇಡಿ. ನೀವು ಅರ್ಜಿ ಹಾಕುವ ಮುನ್ನ ಡಿಕ್ರಿ ಬರೆಯಲು ಕೋರ್ಟು ತೆಗೆದುಕೊಂಡ ದಿನಗಳು ಲೆಕ್ಕದಿಂದ ಹೊರಹೋಗುವುದಿಲ್ಲ. ಗಡುವು ಮುಗಿದ ಮೇಲೆ ಅರ್ಜಿ ಹಾಕಿದರಂತೂ ಈ ರಿಯಾಯಿತಿಯ ಪ್ರಶ್ನೆಯೇ ಇಲ್ಲ. ಹಳೆಯ ಪ್ರಕರಣವಾಗಿದ್ದರೆ ಇನ್ನೊಂದು ಅಂಶ ನೆನಪಿರಲಿ: ಕೋವಿಡ್ ಕಾರಣಕ್ಕೆ 15-3-2020ರಿಂದ 28-2-2022ರವರೆಗಿನ ಅವಧಿಯನ್ನು ಗಡುವಿನ ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತ್ತು.

ಸೆಕ್ಷನ್ 5: ಯಾರಿಗೆ ಉಂಟು, ಯಾರಿಗೆ ಇಲ್ಲ

ಎಣಿಸಿದ ಮೇಲೂ ತಡವಾಗಿದ್ದರೆ ಉಳಿಯುವುದು 5ನೇ ಸೆಕ್ಷನ್. ಗಡುವಿನೊಳಗೆ ಬರಲಾಗದ್ದಕ್ಕೆ 'ಸಾಕಷ್ಟು ಕಾರಣ' ಇತ್ತೆಂದು ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ತಡವಾದ ಅಪೀಲನ್ನು, ಅರ್ಜಿಯನ್ನು ಕೋರ್ಟು ಸ್ವೀಕರಿಸಬಹುದು. ಇದಕ್ಕಾಗಿ ಹಾಕುವುದೇ ವಿಳಂಬ ಮನ್ನಾ ಅರ್ಜಿ. ವಕೀಲರ ಮಾತಿನಲ್ಲಿ ಡಿಲೇ ಕಂಡೋನೇಷನ್ ಐ.ಎ.

ಈ ಸೆಕ್ಷನ್‌ಗೆ ಮೂರು ಮಿತಿಗಳಿವೆ. ಒಂದು, ಇದು ಹೊಸ ದಾವೆಗೆ ಅನ್ವಯಿಸುವುದಿಲ್ಲ; ದಾವೆ ಹೂಡುವ ಗಡುವು ಮೀರಿದ್ದರೆ ವಕೀಲರ ತಪ್ಪು ಎಂಬ ಕಾರಣವೂ ಉಳಿಸುವುದಿಲ್ಲ. ಎರಡು, ಡಿಕ್ರಿ ಅಮಲ್ಜಾರಿಗೆ ಸಂಬಂಧಿಸಿದ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ ಅಡಿಯ ಅರ್ಜಿಗಳಿಗೂ ಅನ್ವಯಿಸುವುದಿಲ್ಲ. ಮೂರು, ಸಾಕಷ್ಟು ಕಾರಣ ತೋರಿಸಿದ ಮಾತ್ರಕ್ಕೆ ಮನ್ನಾ ಹಕ್ಕಾಗಿ ಬರುವುದಿಲ್ಲ. ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ ಎಂದು ರಾಮಲಾಲ್ ವಿರುದ್ಧ ರೇವಾ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿ ಅರವತ್ತು ವರ್ಷ ದಾಟಿದೆ. ಗಡುವು ಮುಗಿದ ಕೂಡಲೇ ಗೆದ್ದವರಿಗೂ ಒಂದು ಹಕ್ಕು ಹುಟ್ಟಿಕೊಳ್ಳುತ್ತದೆ. ಆ ಹಕ್ಕನ್ನು ಹಗುರವಾಗಿ ಕಿತ್ತುಕೊಳ್ಳಬಾರದು ಎಂಬುದು ಇದರ ಹಿಂದಿನ ತರ್ಕ.

ವಕೀಲರ ಯಾವ ತಪ್ಪು, ಎಂಥ ಫಲ

*ದಿನಗಳ ಲೆಕ್ಕ ತಪ್ಪಿದ್ದು.* ವಕೀಲರು ಪ್ರಾಮಾಣಿಕವಾಗಿ ಗಡುವನ್ನು ತಪ್ಪಾಗಿ ಎಣಿಸಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಸಹಾನುಭೂತಿ ತೋರುತ್ತವೆ. 1979ರ ಕಾಂಕಾರ್ಡ್ ಆಫ್ ಇಂಡಿಯಾ ಇನ್ಶುರೆನ್ಸ್ ಪ್ರಕರಣದಲ್ಲಿ ವಿಮಾ ಕಂಪನಿಯಂಥ ಸಂಸ್ಥೆಗೂ ಈ ಲಾಭ ಸಿಕ್ಕಿತು. ಕಾನೂನು ಗೊತ್ತಿರುವವರ ಸಲಹೆ ನಂಬಿ ನಡೆದವರನ್ನು ದಂಡಿಸಲಾಗದು ಎಂಬುದು ಅಲ್ಲಿನ ನಿಲುವು. ಆದರೆ ವಕೀಲರ ತಪ್ಪು ತನ್ನಷ್ಟಕ್ಕೆ ಎಲ್ಲ ಸಂದರ್ಭದಲ್ಲೂ ಸಾಕಷ್ಟು ಕಾರಣವಾಗದು, ಅದು ಪ್ರಾಮಾಣಿಕ ತಪ್ಪೇ ಅಥವಾ ಬೇರೇನನ್ನೋ ಮುಚ್ಚಿಡುವ ನೆಪವೇ ಎಂದು ನೋಡಬೇಕು ಎಂದು ಮಾತಾ ದೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ಮೊದಲೇ ಎಚ್ಚರಿಸಿತ್ತು.

*ತಪ್ಪು ಕೋರ್ಟಿಗೆ ಹಾಕಿದ್ದು.* ಅಧಿಕಾರವ್ಯಾಪ್ತಿ ಇಲ್ಲದ ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಹೋರಾಡುತ್ತ ಕಳೆದ ಸಮಯವನ್ನು ಬಿಟ್ಟು ಎಣಿಸಲು 14ನೇ ಸೆಕ್ಷನ್ ಇದೆ. ಅದು ನೇರವಾಗಿ ಅನ್ವಯಿಸುವುದು ದಾವೆ, ಅರ್ಜಿಗಳಿಗೆ; ಅಪೀಲಿನ ವಿಷಯದಲ್ಲಿ ಅದೇ ತತ್ವವನ್ನು 5ನೇ ಸೆಕ್ಷನ್ ಮೂಲಕ ಕೋರ್ಟು ಪರಿಗಣಿಸುತ್ತದೆ. ಮೊದಲ ಕೋರ್ಟಿನಲ್ಲಿ ಹಾಕಿದ ದಿನ, ವಾಪಸು ಪಡೆದ ದಿನ, ಸರಿಯಾದ ಕೋರ್ಟಿಗೆ ಹಾಕಿದ ದಿನ, ಮೂರಕ್ಕೂ ದಾಖಲೆ ಬೇಕು. ವಾಪಸು ಪಡೆದ ಮೇಲೆ ತಿಂಗಳುಗಟ್ಟಲೆ ಸುಮ್ಮನಿದ್ದರೆ ಈ ವಾದ ನಿಲ್ಲದು.

*ವಿಳಂಬ ಮನ್ನಾ ಅರ್ಜಿಯನ್ನೇ ಲಗತ್ತಿಸದಿದ್ದು.* ತಡವಾದ ಅಪೀಲಿನ ಜೊತೆಯಲ್ಲೇ ಈ ಅರ್ಜಿ, ಪ್ರಮಾಣಪತ್ರ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 3ಎ ನಿಯಮ ಹೇಳುತ್ತದೆ. ಅದಿಲ್ಲದೆ ಹಾಕಿದ ಅಪೀಲು ಅಷ್ಟಕ್ಕೇ ಸಾಯುವುದಿಲ್ಲ. ಇದು ಸರಿಪಡಿಸಬಹುದಾದ ಲೋಪ, ನಂತರವೂ ಅರ್ಜಿ ಹಾಕಿಕೊಳ್ಳಬಹುದು ಎಂದು ಮಧ್ಯಪ್ರದೇಶ ಸರ್ಕಾರ ವಿರುದ್ಧ ಪ್ರದೀಪ್ ಕುಮಾರ್ ಪ್ರಕರಣದಲ್ಲಿ 2000ರಲ್ಲಿ ತೀರ್ಪಾಗಿದೆ. ಇಂಥ ತಪ್ಪು ಕಂಡ ದಿನವೇ ಸರಿಪಡಿಸಿ.

*ವಕೀಲರು ಗೈರುಹಾಜರಾಗಿದ್ದು, ಫಲಿತಾಂಶ ತಿಳಿಸದಿದ್ದು.* ರಫೀಕ್ ವಿರುದ್ಧ ಮುನ್ಷಿಲಾಲ್ (1981) ಈ ಬಗೆಯ ಕಕ್ಷಿದಾರರ ಪರ ಇರುವ ಪ್ರಸಿದ್ಧ ತೀರ್ಪು. ವಕೀಲರು ಬಾರದ ದಿನ ಅಲಹಾಬಾದ್ ಹೈಕೋರ್ಟು ಅಪೀಲನ್ನು ವಜಾ ಮಾಡಿತ್ತು. ಹಳ್ಳಿಯಿಂದ ಬಂದು ವಕೀಲರನ್ನು ನೇಮಿಸಿ, ಶುಲ್ಕ ಕೊಟ್ಟು ಹೋದವರು ಪ್ರತಿ ಬಾರಿಯೂ ಬಂದು ವಕೀಲರು ಹಾಜರಾದರೇ ಎಂದು ಕಾಯಲಾಗದು ಎಂದ ಸುಪ್ರೀಂ ಕೋರ್ಟು ಅಪೀಲಿಗೆ ಮರುಜೀವ ಕೊಟ್ಟಿತು. ಎದುರು ಪಕ್ಷದ ಖರ್ಚನ್ನು ಗೈರುಹಾಜರಾದ ವಕೀಲರಿಂದಲೇ ವಸೂಲು ಮಾಡಲು ಹೇಳಿತು. ಆದರೆ 1993ರ ಸಲೀಲ್ ದತ್ತಾ ಪ್ರಕರಣದಲ್ಲಿ ಕಲ್ಕತ್ತೆಯ ಕಂಪನಿಯೊಂದು ಇದೇ ತೀರ್ಪನ್ನು ಮುಂದಿಟ್ಟಾಗ ಕೋರ್ಟು ಕೇಳಲಿಲ್ಲ. ಓದುಬರಹ ಬಲ್ಲ, ಊರಲ್ಲೇ ಕಚೇರಿ ಇರುವ ಕಂಪನಿಯನ್ನು ಹಳ್ಳಿಯ ಬಡ ಕಕ್ಷಿದಾರನಿಗೆ ಹೋಲಿಸಲಾಗದು, ರಫೀಕ್ ತೀರ್ಪು ಎಲ್ಲರಿಗೂ ಸಲ್ಲುವ ನಿಯಮವಲ್ಲ ಎಂದಿತು. 2024ರ ನವೆಂಬರಿನಲ್ಲಿ ರಜನೀಶ್ ಕುಮಾರ್ ಪ್ರಕರಣದಲ್ಲೂ, ಎಲ್ಲ ತಪ್ಪನ್ನು ವಕೀಲರ ತಲೆಗೆ ಕಟ್ಟಿ ಕಕ್ಷಿದಾರರು ಕೈತೊಳೆದುಕೊಳ್ಳುವಂತಿಲ್ಲ ಎಂಬ ಮಾತು ಮತ್ತೆ ಬಂದಿದೆ.

ಒಟ್ಟಿನಲ್ಲಿ ನಿಮ್ಮ ವಿದ್ಯೆ, ಅನುಕೂಲ, ಊರಿನಿಂದ ಕೋರ್ಟಿಗಿರುವ ದೂರ ಎಲ್ಲವೂ ತೂಕಕ್ಕೆ ಬರುತ್ತವೆ. ಕೂಲಿ ಮಾಡುವ ಅವಿದ್ಯಾವಂತ ಮಹಿಳೆಗೆ ಸಿಗುವ ರಿಯಾಯಿತಿ ಬೆಂಗಳೂರಿನಲ್ಲಿ ಕಂಪನಿ ನಡೆಸುವವರಿಗೆ ಸಿಗುತ್ತದೆಂದು ನಂಬಿ ಕೂರಬೇಡಿ.

ನ್ಯಾಯಪೀಠ ತೂಗಿ ನೋಡುವುದು

1987ರ ಕಾತಿಜಿ ಪ್ರಕರಣದಲ್ಲಿ ಜಮ್ಮು ಕಾಶ್ಮೀರದ ಭೂಸ್ವಾಧೀನ ಅಪೀಲೊಂದು ನಾಲ್ಕು ದಿನ ತಡವಾಗಿತ್ತು. ಪ್ರತಿ ದಿನದ ವಿಳಂಬಕ್ಕೂ ಕಾರಣ ಕೊಡಿ ಎಂಬ ನಿಯಮವನ್ನು ಅತಿಗೆ ಎಳೆಯಬಾರದು, ತಾಂತ್ರಿಕತೆಗಿಂತ ನ್ಯಾಯ ದೊಡ್ಡದು ಎಂದು ಸುಪ್ರೀಂ ಕೋರ್ಟು ಉದಾರ ದೃಷ್ಟಿಯನ್ನು ಎತ್ತಿಹಿಡಿಯಿತು. ಇಂದಿಗೂ ಈ ತೀರ್ಪಿಗೆ ಬೆಲೆಯಿದೆ. ಆದರೆ ಈಚಿನ ವರ್ಷಗಳಲ್ಲಿ ಗಾಳಿ ಬಿಗಿ ನಿಲುವಿನ ಕಡೆಗಿದೆ.

ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳು ಇದನ್ನು ತೋರಿಸುತ್ತವೆ. ಬಸವರಾಜ ವಿರುದ್ಧ ವಿಶೇಷ ಭೂಸ್ವಾಧೀನಾಧಿಕಾರಿ (2013) ಪ್ರಕರಣದಲ್ಲಿ ಪರಿಹಾರ ಹೆಚ್ಚಿಸಿ ಎಂಬ ಅಪೀಲು ಐದೂವರೆ ವರ್ಷ ತಡವಾಗಿತ್ತು. ಒಬ್ಬರ ಅನಾರೋಗ್ಯವನ್ನು ಕಾರಣವಾಗಿ ಕೊಟ್ಟಿದ್ದರು. ನೆರೆಯ ಜಮೀನಿನವರಿಗೆ ವಿಳಂಬ ಮನ್ನಾ ಆಗಿದೆ, ನಮಗೂ ಮಾಡಿ ಎಂಬ ವಾದವೂ ಇತ್ತು. ಒಬ್ಬರಿಗೆ ತಪ್ಪಾಗಿ ಸಿಕ್ಕಿದ್ದು ಇನ್ನೊಬ್ಬರ ಹಕ್ಕಾಗದು ಎಂದು ಕೋರ್ಟು ನಿರಾಕರಿಸಿತು. 2025ರ ಸೆಪ್ಟೆಂಬರಿನಲ್ಲಿ ಶಿವಮ್ಮ ವಿರುದ್ಧ ಕರ್ನಾಟಕ ಗೃಹಮಂಡಳಿ ಪ್ರಕರಣದಲ್ಲಿ ಮಂಡಳಿಯ 3966 ದಿನಗಳ ವಿಳಂಬವನ್ನು ನಮ್ಮ ಹೈಕೋರ್ಟು ಮನ್ನಿಸಿದ್ದನ್ನೇ ಸುಪ್ರೀಂ ಕೋರ್ಟು ರದ್ದುಪಡಿಸಿತು. ಸರ್ಕಾರಿ ಸಂಸ್ಥೆ ಎಂಬ ಕಾರಣಕ್ಕೆ ಸೋಮಾರಿತನಕ್ಕೆ ಮುದ್ರೆ ಒತ್ತಲಾಗದು ಎಂಬುದು ಅದರ ಸಾರ.

ಮನ್ನಾ ಸಿಕ್ಕಾಗಲೂ ಬೆಲೆ ತೆರಬೇಕಾದೀತು. ಎದುರು ಪಕ್ಷಕ್ಕೆ ಅಥವಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಇಷ್ಟು ದುಡ್ಡು ಕಟ್ಟಿ ಎಂದು ಹೇಳುವುದು ಸಾಮಾನ್ಯ. ಅಪಘಾತ ಪರಿಹಾರದ ಅಪೀಲುಗಳಲ್ಲಿ ಹೆಚ್ಚುವರಿ ಪರಿಹಾರ ಕೊಟ್ಟರೂ ವಿಳಂಬದ ದಿನಗಳಿಗೆ ಬಡ್ಡಿ ಇಲ್ಲ ಎಂಬ ಷರತ್ತನ್ನು ನಮ್ಮ ಹೈಕೋರ್ಟು ಹಾಕುವುದುಂಟು. ಬಡ್ಡಿ ಬಿಡಲು ಸಿದ್ಧ ಎಂದು ನೀವಾಗಿಯೇ ಹೇಳಿದರೆ ಎದುರು ಪಕ್ಷಕ್ಕೆ ನಷ್ಟವಾಗುತ್ತದೆಂಬ ಆಕ್ಷೇಪ ಅರ್ಧ ಕರಗುತ್ತದೆ.

ವಿವೇಚನೆಗೂ ಬೀಗ ಬಿದ್ದ ಕಡೆ

ಕೆಲವು ಕಾಯ್ದೆಗಳಲ್ಲಿ ಎಷ್ಟು ಒಳ್ಳೆಯ ಕಾರಣ ಕೊಟ್ಟರೂ ಪ್ರಯೋಜನವಿಲ್ಲ. ಮಧ್ಯಸ್ಥಿಕೆ ತೀರ್ಪನ್ನು ರದ್ದುಪಡಿಸುವ ಅರ್ಜಿಗೆ ಮೂರು ತಿಂಗಳು, ಸಾಕಷ್ಟು ಕಾರಣವಿದ್ದರೆ ಇನ್ನು 30 ದಿನ. ಅದರಾಚೆಗೆ ಒಂದು ದಿನವೂ ಇಲ್ಲ. ದಿವಾಳಿ ಸಂಹಿತೆಯಡಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ 30 ದಿನ, ಮೇಲೆ 15 ದಿನ, ಅಷ್ಟೇ. ಗ್ರಾಹಕ ದೂರಿಗೆ ಎದುರುದಾರರು ಉತ್ತರ ಕೊಡುವುದಕ್ಕೂ 30 ಮತ್ತು 15 ದಿನಗಳ ಮಿತಿಯೇ ಅಂತಿಮ ಎಂದು 2020ರಲ್ಲಿ ಸಂವಿಧಾನ ಪೀಠ ಹೇಳಿದೆ. ಶಾಸಕ, ಸಂಸದರ ಆಯ್ಕೆ ಪ್ರಶ್ನಿಸುವ ಚುನಾವಣಾ ಅರ್ಜಿಗೆ 45 ದಿನ. ಅಲ್ಲಿ ಮನ್ನಾ ಎಂಬುದೇ ಇಲ್ಲ. ಹೀಗಾಗಿ ಹೊಸ ವಕೀಲರನ್ನು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಪ್ರಕರಣದ ಕಾಯ್ದೆಯಲ್ಲಿ ವಿಳಂಬ ಮನ್ನಾಕ್ಕೆ ಅವಕಾಶ ಇದೆಯೇ, ಇದ್ದರೆ ಎಷ್ಟು ದಿನದವರೆಗೆ?

ತಪ್ಪು ಗೊತ್ತಾದ ದಿನದಿಂದ ಮಾಡಬೇಕಾದ್ದು

1. ದಿನಾಂಕ ಬರೆದಿಡಿ. ಗಡುವು ತಪ್ಪಿದ್ದು ಯಾವತ್ತು, ಯಾರಿಂದ, ಹೇಗೆ ಗೊತ್ತಾಯಿತು ಎಂಬುದೇ ನಿಮ್ಮ ಪ್ರಮಾಣಪತ್ರದ ಬೆನ್ನೆಲುಬು. ಆ ದಿನದ ನಂತರ ಕಳೆಯುವ ಒಂದೊಂದು ವಾರಕ್ಕೂ ನೀವೇ ಉತ್ತರ ಕೊಡಬೇಕು. ಅಲ್ಲಿಂದಾಚೆಗೆ ಹಳೆಯ ವಕೀಲರ ಮೇಲೆ ಹೊರೆ ಹೊರಿಸಲು ಬರುವುದಿಲ್ಲ.

2. ಕೋರ್ಟಿನ ದಾಖಲೆ ತೆಗೆಸಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಕ್ಷರಗಳ ಸಿ.ಎನ್.ಆರ್. ಸಂಖ್ಯೆ ಹಾಕಿದರೆ ಯಾವ ದಿನ ಏನಾಯಿತು ಎಂಬ ವಿವರ ಸಿಗುತ್ತದೆ. ಆರ್ಡರ್ ಶೀಟಿನ ದೃಢೀಕೃತ ನಕಲಿಗೂ ಅರ್ಜಿ ಹಾಕಿ.

3. ಕಡತ ವಾಪಸು ಕೇಳಿ, ಬರವಣಿಗೆಯಲ್ಲಿ. ಶುಲ್ಕ ಬಾಕಿ ಇದೆ ಎಂದು ವಕೀಲರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹೊಸ ವಕಾಲತ್ತಿಗೆ ಹಳೆಯ ವಕೀಲರು ನಿರಾಕ್ಷೇಪಣೆ ಕೊಡದಿದ್ದರೆ ಕೋರ್ಟಿನ ಅನುಮತಿ ಪಡೆದು ಬದಲಿಸಬಹುದು.

4. ಜಗಳಕ್ಕಿಳಿಯುವ ಮುನ್ನ ಬರೆಸಿಕೊಳ್ಳಿ. ಲೆಕ್ಕ ತಪ್ಪಿದ್ದು ನನ್ನಿಂದ, ಅಥವಾ ನಮ್ಮ ಗುಮಾಸ್ತರು ಡೈರಿಯಲ್ಲಿ ತಪ್ಪು ದಿನ ಬರೆದಿದ್ದರು ಎಂದು ವಕೀಲರೇ ಪ್ರಮಾಣಪತ್ರ ಕೊಟ್ಟರೆ ಅದಕ್ಕಿಂತ ಬಲವಾದ ಸಾಕ್ಷ್ಯ ಇನ್ನೊಂದಿಲ್ಲ. ತಪ್ಪೊಪ್ಪಿಕೊಂಡು ಬರೆದುಕೊಡುವ ಹಿರಿಯ ವಕೀಲರು ಇದ್ದಾರೆ. ಮೊದಲೇ ಕೂಗಾಡಿದರೆ ಈ ದಾರಿ ಮುಚ್ಚುತ್ತದೆ.

5. ಅವರು ಒಪ್ಪದಿದ್ದರೆ ಲಿಖಿತ ನೋಟಿಸು ಕೊಡಿ. ವಕೀಲರು ಮೋಸ ಮಾಡಿದರು ಎಂದು ಪ್ರಮಾಣಪತ್ರದಲ್ಲಿ ಬರೆದು, ಅವರಿಗೆ ಒಂದು ಕಾಗದವನ್ನೂ ಬರೆಯದಿದ್ದರೆ ಎದುರು ವಕೀಲರು ಮೊದಲು ಎತ್ತಿ ತೋರಿಸುವುದು ಅದನ್ನೇ.

6. ಹಣದ ತೊಂದರೆ ಇದ್ದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100 ಸಹಾಯವಾಣಿಗೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ವಕೀಲರಿಗೆ ಅರ್ಹರು. ಜೈಲಿನಲ್ಲಿರುವ ಶಿಕ್ಷಿತರು ಜೈಲು ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು.

ಪ್ರಮಾಣಪತ್ರದಲ್ಲಿ ಏನಿರಬೇಕು?

ಬಹಳಷ್ಟು ಅರ್ಜಿಗಳು ಸೋಲುವುದು ಇಲ್ಲಿ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಒಂದು ಮಾದರಿ ಹೀಗಿರುತ್ತದೆ: 'ಹಿಂದಿನ ವಕೀಲರು ಸರಿಯಾದ ಮಾಹಿತಿ ನೀಡದ ಕಾರಣ ಹಾಗೂ ನನ್ನ ಆರೋಗ್ಯ ಸರಿಯಿಲ್ಲದ ಕಾರಣ ಮೇಲ್ಮನವಿ ಸಲ್ಲಿಸಲು ವಿಳಂಬವಾಗಿರುತ್ತದೆ. ವಿಳಂಬವು ಉದ್ದೇಶಪೂರ್ವಕವಲ್ಲ.' ಇದರಲ್ಲಿ ದಿನಾಂಕವಿಲ್ಲ, ದಾಖಲೆಯಿಲ್ಲ. ಎರಡು ಕಾರಣ ಸೇರಿಸಿದ್ದರಿಂದ ಎರಡೂ ಸಡಿಲವಾಗಿವೆ.

ಮೇಲಿನ ಉದಾಹರಣೆಯ ಕಕ್ಷಿದಾರರನ್ನೇ ತೆಗೆದುಕೊಳ್ಳಿ. ಅವರ ಅಪೀಲು ಏಪ್ರಿಲ್ 4ರಂದು, 40 ದಿನ ತಡವಾಗಿ ದಾಖಲಾಯಿತು ಎನ್ನೋಣ. ಪ್ರಮಾಣಪತ್ರ ಹೀಗಿದ್ದರೆ ಅದಕ್ಕೊಂದು ತೂಕ ಬರುತ್ತದೆ:

'ದಿನಾಂಕ 3-1-2025ರಂದು ತೀರ್ಪಾಯಿತು. 10-1-2025ರಂದು ನಕಲಿಗೆ ಅರ್ಜಿ ಹಾಕಿ 30-1-2025ರಂದು ಪಡೆದೆನು. 1-2-2025ರಂದು ಅದನ್ನು ವಕೀಲರ ಕಚೇರಿಗೆ ತಲುಪಿಸಿ, ಅಪೀಲಿನ ಖರ್ಚಿಗೆ ಹಣ ಸಂದಾಯ ಮಾಡಿದೆನು. ಫೋನ್‌ಪೇ ರಸೀದಿ ಲಗತ್ತಿಸಿದೆ. 20-2-2025ರಂದು ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸಿದಾಗ 90 ದಿನ ಸಮಯವಿದೆ ಎಂದು ಉತ್ತರ ಬಂದಿತು; ಆ ಸಂದೇಶದ ಪ್ರತಿ ಲಗತ್ತಿಸಿದೆ. 28-3-2025ರಂದು ಬೇರೆ ವಕೀಲರನ್ನು ಕಂಡಾಗ ಅವಧಿ 30 ದಿನ ಮಾತ್ರ ಎಂದು ತಿಳಿಯಿತು. 2-4-2025ರಂದು ಕಡತ ವಾಪಸು ಪಡೆದು ಈ ದಿನ ಅಪೀಲು ಸಲ್ಲಿಸುತ್ತಿದ್ದೇನೆ.'

ಇಲ್ಲಿ ವಕೀಲರ ಮೇಲೆ ಒಂದು ಕಟು ಮಾತೂ ಇಲ್ಲ. ಆದರೂ ಗಡುವಿಗೆ ಮೊದಲೇ ನಕಲು, ಹಣ ಕೊಟ್ಟದ್ದು, ಗಡುವಿನ ಮೂರು ದಿನ ಮುಂಚೆ ಕೇಳಿದ್ದು, ತಪ್ಪು ತಿಳಿದ ಒಂದು ವಾರದಲ್ಲಿ ಕೋರ್ಟಿಗೆ ಬಂದದ್ದು, ಎಲ್ಲವೂ ಕಾಗದದ ಮೇಲಿವೆ. ವಿವರಣೆ ತೀರ್ಪಿನ ದಿನದಿಂದ ಅಪೀಲು ಹಾಕಿದ ದಿನದವರೆಗೆ ಎಲ್ಲೂ ಕಡಿಯದಂತೆ ಸಾಗಬೇಕು. ನಡುವೆ ಮೂರು ತಿಂಗಳ ಖಾಲಿ ಜಾಗ ಇದ್ದರೆ ನ್ಯಾಯಾಧೀಶರ ಕಣ್ಣು ಬೀಳುವುದು ಅಲ್ಲಿಗೇ. ಪರಿಚಯದ ವೈದ್ಯರಿಂದ ತಂದ ಸುಳ್ಳು ಸರ್ಟಿಫಿಕೇಟಿನಿಂದ ಆ ಜಾಗ ತುಂಬಿಸುವ ಆಲೋಚನೆಯನ್ನಂತೂ ಮಾಡಬೇಡಿ. ಸುಳ್ಳು ಪ್ರಮಾಣಪತ್ರ ಅಪರಾಧ. ಒಂದು ಸುಳ್ಳು ಹೊರಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಅಷ್ಟರೊಳಗೆ ಜಮೀನು ಕೈತಪ್ಪಿದರೆ?

ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಗಡುವಿನೊಳಗೆ ಇದ್ದರೆ ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ತಾತ್ಕಾಲಿಕ ತಡೆ ಕೇಳಲು ಅವಕಾಶವಿದೆ; ಗಡುವು ಮೀರಿದ ಮೇಲೆ ಅದಿಲ್ಲ. ಅತ್ತ 3ಎ ನಿಯಮದ ಪ್ರಕಾರ, ತಡವಾದ ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಲು ಕೋರ್ಟು ತೀರ್ಮಾನಿಸುವವರೆಗೆ ಡಿಕ್ರಿಗೆ ತಡೆಯಾಜ್ಞೆ ಕೊಡುವಂತಿಲ್ಲ. ಮನ್ನಾ ಮಾಡುವ ಮೊದಲು ಎದುರು ಪಕ್ಷಕ್ಕೆ ನೋಟಿಸು ಹೋಗಬೇಕು. ಈ ಸಂದಿಯಲ್ಲೇ ಅಮೀನರು ಮನೆಬಾಗಿಲಿಗೆ ಬರಬಹುದು. ಆದ್ದರಿಂದ ಅಮಲ್ಜಾರಿ ಶುರುವಾಗಿದ್ದರೆ ಅದರ ದಾಖಲೆ ತೋರಿಸಿ, ವಿಳಂಬ ಮನ್ನಾ ಅರ್ಜಿಯನ್ನೇ ತುರ್ತಾಗಿ ಕೇಳಿ ಎಂದು ವಕೀಲರ ಮೂಲಕ ಮನವಿ ಮಾಡಿಸಿ. ಎದುರು ಪಕ್ಷದ ನೋಟಿಸು ಬೇಗ ಜಾರಿಯಾಗುವಂತೆ ಸರಿಯಾದ ವಿಳಾಸ, ಪ್ರೋಸೆಸ್ ಶುಲ್ಕ ಅದೇ ದಿನ ಕೊಡಿ.

ವಿಳಂಬ ಮನ್ನಾ ಅರ್ಜಿ ವಜಾ ಆಗಿ, ಅದರೊಂದಿಗೆ ಮೊದಲ ಅಪೀಲೂ ವಜಾ ಆದರೆ ದಾರಿ ಮುಗಿಯಿತೆಂದಲ್ಲ. ಗಡುವಿನ ಕಾರಣಕ್ಕೆ ವಜಾ ಆದದ್ದೂ ಅಪೀಲಿನಲ್ಲಿ ಆದ ತೀರ್ಮಾನವೇ ಎಂದು ಶ್ಯಾಮಸುಂದರ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಹೈಕೋರ್ಟಿಗೆ ಎರಡನೇ ಅಪೀಲು ಹಾಕಬಹುದು. ಅದಕ್ಕೂ 90 ದಿನಗಳ ಗಡುವಿದೆ ಎಂಬುದನ್ನು ಮರೆಯಬಾರದು.

ವಕೀಲರ ಮೇಲೆ ಕ್ರಮ

ಬಾಲಕೃಷ್ಣನ್ ಪ್ರಕರಣದ ಕಕ್ಷಿದಾರರು ಗ್ರಾಹಕ ವೇದಿಕೆಗೆ ಹೋಗಿ ತಮ್ಮ ವಕೀಲರಿಂದ 50,000 ರೂಪಾಯಿ ಪರಿಹಾರದ ಆದೇಶ ಪಡೆದಿದ್ದರು. ತನ್ನ ವಕೀಲರ ವಿರುದ್ಧ ಅಷ್ಟು ದೂರ ಹೋದ ಮನುಷ್ಯ ನೆಪ ಹೇಳುತ್ತಿಲ್ಲ ಎಂದು ನಂಬಲು ಅದೂ ಒತ್ತಾಸೆಯಾಯಿತು. ಇಂದು ಆ ದಾರಿ ಇಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಉಳಿದಿರುವುದು ಎರಡು ದಾರಿ. ಒಂದು, 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು. ಶಿಸ್ತು ಸಮಿತಿ ಎಚ್ಚರಿಕೆ ಕೊಡಬಹುದು, ವೃತ್ತಿಯಿಂದ ಕೆಲಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಆದರೆ ನಿಮ್ಮ ಪ್ರಕರಣವನ್ನು ಗೆಲ್ಲಿಸಿಕೊಡಲಾರದು. ಇನ್ನೊಂದು, ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಸಿವಿಲ್ ಕೋರ್ಟಿನಲ್ಲಿ ಪರಿಹಾರದ ದಾವೆ. ವಕೀಲರೆಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇಲ್ಲವೆಂದು 1926ರ ಕಾಯ್ದೆಯೇ ಹೇಳುತ್ತದೆ. ಎರಡೂ ನಿಧಾನದ ಕೆಲಸ. ಅವುಗಳ ಹಿಂದೆ ಓಡುತ್ತ ಅಪೀಲನ್ನು ಇನ್ನಷ್ಟು ತಡ ಮಾಡಿಕೊಳ್ಳಬೇಡಿ. ಮೊದಲು ಅಪೀಲು, ಆಮೇಲೆ ದೂರು.

ಪ್ರಕರಣ ಇನ್ನೂ ನಡೆಯುತ್ತಿದ್ದರೆ

ಸಿ.ಎನ್.ಆರ್. ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡು ತಿಂಗಳಿಗೊಮ್ಮೆ ನೋಡಿ. ಬಾರದಿದ್ದರೆ ಓದಿದ ಮಕ್ಕಳಿಂದ ನೋಡಿಸಿ. ವಕೀಲರ ಜೊತೆ ಮಾತಾಡಿದ್ದನ್ನು ಆ ಸಂಜೆಯೇ ಒಂದು ಸಾಲಿನ ಸಂದೇಶವಾಗಿ ಅವರಿಗೇ ಕಳಿಸಿ. ಮುಂದೆ ಅದೇ ದಾಖಲೆಯಾಗುತ್ತದೆ. ಶುಲ್ಕ ನಗದಿನಲ್ಲಿ ಕೊಟ್ಟರೆ ರಸೀದಿ ಕೇಳಿ. ವಿಳಾಸ, ಫೋನ್ ನಂಬರ್ ಬದಲಾದರೆ ಕಚೇರಿಗೆ ತಿಳಿಸಿ, ಏಕೆಂದರೆ ವಕೀಲರು ತಿಳಿಸಲಿಲ್ಲ ಎಂಬ ವಾದಕ್ಕೆ ನಾವು ಬರೆದ ಪತ್ರ ವಾಪಸು ಬಂತು ಎಂಬ ಉತ್ತರ ಸಿದ್ಧವಾಗಿರುತ್ತದೆ. ತೀರ್ಪು ಹೊರಬಿದ್ದ ದಿನ, ಗೆದ್ದರೂ ಸೋತರೂ, ಕೋರ್ಟಿನ ಆವರಣ ಬಿಡುವ ಮುನ್ನ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಅಪೀಲು ಯಾವ ಕೋರ್ಟಿಗೆ, ಅದರ ಕಡೆಯ ದಿನ ಯಾವುದು, ನಕಲಿನ ಅರ್ಜಿಯ ಸಂಖ್ಯೆ ಎಷ್ಟು.